ಗುಪ್ತ ಸಂವೇಗ: ನಿಂತ ಅಯಸ್ಕಾಂತದೊಳಗಿನ ಕಾಣದ ಲೆಕ್ಕ

1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟ ಸಂಗತಿ ಈ ಭಾಗದಲ್ಲಿ ನೆಲೆಸಿರುವ ಕನ್ನಡಿಗರಿಗೆಲ್ಲ ತಿಳಿದದ್ದೇ. ಅಂದು ರೈಲು ಚಲಿಸತೊಡಗಿದಾಗ ಇನ್ನೊಂದು ಘಟನೆಯೂ ಯಾರ ಕಣ್ಣಿಗೂ ಬೀಳದೆ ನಡೆದುಹೋಯಿತು. ರೈಲು ಥಾಣೆಯ ದಿಕ್ಕಿಗೆ ಎಷ್ಟು ಸಂವೇಗವನ್ನು ಪಡೆಯಿತೋ, ಅಷ್ಟೇ ಸಂವೇಗವನ್ನು ಭೂಮಿಯು ವಿರುದ್ಧ ದಿಕ್ಕಿಗೆ ಪಡೆಯಿತು. ಭೂಮಿಯ ದ್ರವ್ಯರಾಶಿ ಅಗಾಧವಾದುದರಿಂದ ಅದರ ಚಲನೆ ಯಾರ ಅನುಭವಕ್ಕೂ ಬರಲಿಲ್ಲ, ಅಷ್ಟೇ. ಇಂದಿಗೂ ಡೊಂಬಿವಲಿಯಿಂದ ಲೋಕಲ್ ಗಾಡಿ ಹೊರಟಾಗಲೆಲ್ಲ ಇದೇ ನಡೆಯುತ್ತದೆ; ಕಲ್ಯಾಣ್‌ನಲ್ಲಿ ಗಾಡಿ ನಿಂತಾಗ ಭೂಮಿಯು ಆ ಸಾಲವನ್ನು ಹಿಂದಿರುಗಿಸುತ್ತದೆ.

ಇದೇ ಸಂವೇಗ ಸಂರಕ್ಷಣಾ ನಿಯಮ. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಮರಾಠಿಯಲ್ಲಿ ಓದಿದರೂ ಈ ಪದ ಅವರಿಗೆ ಪರಕೀಯವಲ್ಲ. ಅಲ್ಲಿಯೂ ಅದನ್ನು ‘ಸಂವೇಗ’ ಎಂದೇ ಕರೆಯುತ್ತಾರೆ. ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಬರುವುದೇ ಸಂವೇಗ. 60 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ನಡೆದರೆ ಆತನ ಸಂವೇಗ 90 ಮಾನಗಳು. ನಿಂತರೆ ಸೊನ್ನೆ. ಹಾಗಾದರೆ ನಿಂತ ವಸ್ತುವಿಗೆ ಸಂವೇಗವಿರಲು ಸಾಧ್ಯವೇ? ಶಾಲೆಯ ಪಾಠದ ಪ್ರಕಾರ ಸಾಧ್ಯವಿಲ್ಲ. ಆದರೆ 1967ರಲ್ಲಿ ಇಬ್ಬರು ವಿಜ್ಞಾನಿಗಳು ಸಾಧ್ಯವೆಂದು ತೋರಿಸಿದರು. ಅಷ್ಟೇ ಅಲ್ಲ, ನಿಂತ ವಸ್ತುವಿನಲ್ಲಿ ಇಂತಹ ಸಂವೇಗ ಇಲ್ಲದೆ ಹೋದರೆ ಸಂರಕ್ಷಣಾ ನಿಯಮವೇ ಮುರಿದುಬೀಳುತ್ತದೆ ಎಂಬುದನ್ನೂ ತೋರಿಸಿದರು. ಅದಕ್ಕೆ ದೊರೆತ ಹೆಸರು ‘ಗುಪ್ತ ಸಂವೇಗ’. ಅದು ಏನು, ಎಲ್ಲಿ ಅಡಗಿರುತ್ತದೆ, ಅದರಿಂದ ಯಾವ ನಿಯಮ ಉಳಿಯಿತು ಎಂಬುದನ್ನು ನಮ್ಮ ಸುತ್ತಲಿನ ಉದಾಹರಣೆಗಳ ಮೂಲಕವೇ ತಿಳಿಯುವ ಪ್ರಯತ್ನ ಈ ಲೇಖನದ್ದು.

ಶಕ್ತಿ ಹರಿದಲ್ಲೆಲ್ಲ ಸಂವೇಗ

ಮೊದಲು ಒಂದು ಹಳೆಯ ಕಲ್ಪನೆಯನ್ನು ತಿದ್ದಿಕೊಳ್ಳಬೇಕು. ಸಂವೇಗ ಎಂಬುದು ದ್ರವ್ಯ ಚಲಿಸಿದಾಗ ಮಾತ್ರ ಹುಟ್ಟುವುದಲ್ಲ. 1905ರಲ್ಲಿ ಐನ್‌ಸ್ಟೈನ್ ಅವರು ಶಕ್ತಿಗೂ ಜಡತ್ವವಿದೆ ಎಂದು ತೋರಿಸಿದರು. ಶಕ್ತಿಯ ಮೊತ್ತವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಅದಕ್ಕೆ ಸಮನಾದ ದ್ರವ್ಯರಾಶಿ ದೊರೆಯುತ್ತದೆ. ಶಕ್ತಿಗೆ ದ್ರವ್ಯರಾಶಿ ಇದೆ ಎಂದಾದರೆ, ಶಕ್ತಿ ಒಂದೆಡೆಯಿಂದ ಇನ್ನೊಂದೆಡೆಗೆ ಹರಿಯುವಾಗ ಅದಕ್ಕೆ ಸಂವೇಗವೂ ಇರಲೇಬೇಕು. ಬೆಳಕು ತಾನು ಬಿದ್ದ ವಸ್ತುವನ್ನು ಒತ್ತುತ್ತದೆ ಎಂಬುದನ್ನು ರಷ್ಯದ ಲೆಬೆಡೆವ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪ್ರಯೋಗದಿಂದ ಅಳೆದಿದ್ದರು. 2010ರಲ್ಲಿ ಜಪಾನಿನ ‘ಇಕಾರೋಸ್’ ಎಂಬ ನೌಕೆಯು ಸೂರ್ಯನ ಬೆಳಕಿನ ಈ ಒತ್ತಡವನ್ನೇ ಹಾಯಿಯಲ್ಲಿ ಹಿಡಿದು ಬಾಹ್ಯಾಕಾಶದಲ್ಲಿ ಸಾಗಿತು.

ಬೆಳಕನ್ನು ಬಿಟ್ಟು ನಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ನೋಡೋಣ. ಮೋಟಾರಿನ ಚಕ್ರದಿಂದ ಗಿರಣಿಯ ಚಕ್ರಕ್ಕೆ ಒಂದು ಪಟ್ಟಿ ಸುತ್ತುತ್ತಿರುತ್ತದೆ. ಪಟ್ಟಿಯ ಒಂದು ಮಗ್ಗುಲು ಮೋಟಾರಿನ ಕಡೆಗೆ ಹೋದರೆ ಇನ್ನೊಂದು ಮಗ್ಗುಲು ಅದೇ ವೇಗದಲ್ಲಿ ಗಿರಣಿಯ ಕಡೆಗೆ ಬರುತ್ತದೆ. ಪಟ್ಟಿಯ ರಬ್ಬರಿನ ಲೆಕ್ಕದಲ್ಲಿ ಹೋದದ್ದಕ್ಕೂ ಬಂದದ್ದಕ್ಕೂ ಸರಿಹೋಯಿತು, ಸಂವೇಗ ಸೊನ್ನೆ. ಆದರೆ ಒಂದು ಮಗ್ಗುಲು ಬಿಗಿಯಾಗಿದೆ, ಇನ್ನೊಂದು ಸಡಿಲವಾಗಿದೆ. ಆ ಬಿಗಿತದ ಮೂಲಕ ಮೋಟಾರಿನ ಶಕ್ತಿ ಗಿರಣಿಗೆ ನಿರಂತರವಾಗಿ ಹರಿಯುತ್ತಿದೆ. ಐದು ಅಶ್ವಶಕ್ತಿಯ, ಅಂದರೆ ಸುಮಾರು 3,700 ವ್ಯಾಟ್‌ಗಳ ಮೋಟಾರು, ಎರಡು ಮೀಟರ್ ಉದ್ದದ ಪಟ್ಟಿ ಎಂದಿಟ್ಟುಕೊಂಡರೆ, ಇವೆರಡನ್ನು ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು ಸಂವೇಗ ಆ ಪಟ್ಟಿಯಲ್ಲಿದೆ. ಅದು ಊಹೆಗೂ ನಿಲುಕದಷ್ಟು ಅಲ್ಪ. ಆದರೂ ಅದು ಇದೆ. ವಿದ್ಯುತ್ತಾಗಲಿ ಅಯಸ್ಕಾಂತವಾಗಲಿ ಈ ಲೆಕ್ಕಕ್ಕೆ ಬೇಕಿಲ್ಲ. ಪಟ್ಟಿಯ ಬಿಗಿತವೊಂದೇ ಸಾಕು.

ಲೋಕಲ್ ರೈಲಿನ ಮೇಲಿನ ತಂತಿಯಲ್ಲಿಯೂ ಇದೇ ಕಥೆ. ಮುಂಬಯಿಯಲ್ಲಿ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು 1,500 ವೋಲ್ಟ್ ನೇರ ಪ್ರವಾಹದಿಂದ ಆರಂಭವಾಯಿತು. 2016ರ ಹೊತ್ತಿಗೆ ಉಪನಗರ ಮಾರ್ಗಗಳೆಲ್ಲ 25,000 ವೋಲ್ಟ್‌ಗಳ ಪರ್ಯಾಯ ಪ್ರವಾಹಕ್ಕೆ ಬದಲಾದವು. ತಂತಿಯೊಳಗಿನ ಎಲೆಕ್ಟ್ರಾನುಗಳು ಆಮೆಗಿಂತ ನಿಧಾನವಾಗಿ ಅಲುಗಾಡುತ್ತವೆ. ಶಕ್ತಿಯನ್ನು ಹೊತ್ತು ತರುವುದು ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳು. ಈ ಎರಡು ಕ್ಷೇತ್ರಗಳು ಒಂದನ್ನೊಂದು ಅಡ್ಡಹಾಯುವಲ್ಲಿ ಶಕ್ತಿ ಯಾವ ದಿಕ್ಕಿಗೆ, ಎಷ್ಟು ಹರಿಯುತ್ತದೆ ಎಂಬ ಸೂತ್ರವನ್ನು ಇಂಗ್ಲೆಂಡಿನ ಜಾನ್ ಹೆನ್ರಿ ಪಾಯಿಂಟಿಂಗ್ ಅವರು 1884ರಲ್ಲಿ ಕೊಟ್ಟರು. 20 ಕಿಲೋಮೀಟರ್ ದೂರದ ಉಪಕೇಂದ್ರದಿಂದ ಒಂದು ಗಾಡಿ ಮೂರು ಮೆಗಾವ್ಯಾಟ್ ಎಳೆದುಕೊಳ್ಳುತ್ತಿದೆ ಎಂದುಕೊಂಡರೆ, ಆ ಹರಿವಿನ ಸರಾಸರಿ ಸಂವೇಗ ಹಾರುವ ಒಂದು ಸೊಳ್ಳೆಯ ಸಂವೇಗಕ್ಕಿಂತಲೂ ಕಡಿಮೆ.

ಗಿರಣಿಯ ಪಟ್ಟಿ, ರೈಲಿನ ತಂತಿ ಎರಡರಲ್ಲಿಯೂ ಲೆಕ್ಕ ತೆರೆದಿದೆ ಎಂಬುದನ್ನು ಗಮನಿಸಬೇಕು. ಒಂದು ತುದಿಯಲ್ಲಿ ಶಕ್ತಿ ಕಡಿಮೆಯಾಗುತ್ತಿದೆ, ಇನ್ನೊಂದು ತುದಿಯಲ್ಲಿ ಹೆಚ್ಚುತ್ತಿದೆ. ಶಕ್ತಿಗೆ ದ್ರವ್ಯರಾಶಿ ಇರುವುದರಿಂದ ಇಡೀ ವ್ಯವಸ್ಥೆಯ ದ್ರವ್ಯರಾಶಿ ಕೇಂದ್ರವೇ ಅತಿ ಸೂಕ್ಷ್ಮವಾಗಿ ಆ ಕಡೆಗೆ ಸರಿಯುತ್ತಿದೆ. ಸಂವೇಗವಿದೆ, ಅದಕ್ಕೆ ತಕ್ಕ ಚಲನೆಯೂ ಇದೆ. ಇಲ್ಲಿ ಒಗಟೇನೂ ಇಲ್ಲ. ಒಗಟು ಹುಟ್ಟುವುದು ಏನೂ ಸರಿಯದ, ಏನೂ ಬದಲಾಗದ ಸ್ಥಳದಲ್ಲಿ.

ಪನ್ವೇಲ್‌ನ ಆಕಾಶದಲ್ಲಿ

ಅಂತಹ ಸ್ಥಳವನ್ನು ಹುಡುಕಲು ನಾವು ದೂರ ಹೋಗಬೇಕಿಲ್ಲ. ನವಿಮುಂಬಯಿಯ ನ್ಯೂ ಪನ್ವೇಲ್‌ನಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆ ಇದೆ. ಅದರ ಮೂಲ ಕೊಲಾಬಾದ ಹಳೆಯ ವೇಧಶಾಲೆ. ಅಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯಲಾಗುತ್ತಿತ್ತು. ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದೆ ಎಂದಾದಾಗ, ಟ್ರಾಮಿನ ವಿದ್ಯುತ್ ಪ್ರವಾಹ ಹುಟ್ಟಿಸುವ ಕಾಂತಕ್ಷೇತ್ರವು ಸೂಕ್ಷ್ಮ ಉಪಕರಣಗಳನ್ನು ಕದಡುತ್ತದೆಂದು 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೇಧಶಾಲೆಯನ್ನು ಸ್ಥಾಪಿಸಲಾಯಿತು. ತಂತಿಯ ಕ್ಷೇತ್ರ ತಂತಿಯೊಳಗೇ ಉಳಿಯುವುದಿಲ್ಲ, ಊರೆಲ್ಲ ಹರಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅಲಿಬಾಗ್ ಸುತ್ತಮುತ್ತ ಭೂಮಿಯ ಕಾಂತಕ್ಷೇತ್ರದ ಅಡ್ಡಭಾಗ ಉತ್ತರಕ್ಕೆ ಮುಖಮಾಡಿದ್ದು, ಅದರ ಬಲ ಸುಮಾರು 38,000 ನ್ಯಾನೊಟೆಸ್ಲಾ. ಇದರ ಜೊತೆಗೆ ಭೂಮಿಯ ಮೇಲೆ ಎಲ್ಲೆಡೆ, ಮೋಡವಿಲ್ಲದ ತಿಳಿಯಾದ ದಿನದಂದು ಬಯಲಿನಲ್ಲಿ, ಮೀಟರಿಗೆ ಸುಮಾರು 100 ವೋಲ್ಟ್‌ಗಳ ವಿದ್ಯುತ್ ಕ್ಷೇತ್ರವೂ ಇರುತ್ತದೆ. ಅದರ ದಿಕ್ಕು ಮೇಲಿನಿಂದ ಕೆಳಕ್ಕೆ. ಒಂದು ಕ್ಷೇತ್ರ ಉತ್ತರಕ್ಕೆ, ಇನ್ನೊಂದು ಕೆಳಕ್ಕೆ. ಪಾಯಿಂಟಿಂಗ್ ಅವರ ಸೂತ್ರಕ್ಕೆ ಈ ಎರಡು ಸಂಖ್ಯೆಗಳನ್ನು ಹಾಕಿದರೆ ಬೆರಗುಗೊಳಿಸುವ ಉತ್ತರ ಬರುತ್ತದೆ. ಪ್ರತಿ ಚದರ ಮೀಟರಿನ ಮೂಲಕ ಸುಮಾರು 3,000 ವ್ಯಾಟ್ ಶಕ್ತಿ ಪೂರ್ವ ದಿಕ್ಕಿಗೆ ಹರಿಯುತ್ತಿದೆ! ವಾತಾವರಣದ ಹೊರಗೆ ಸೂರ್ಯನ ಬೆಳಕು ತರುವ ಶಕ್ತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್. ಅದರ ಎರಡರಷ್ಟು ಶಕ್ತಿ ನಡುರಾತ್ರಿಯಲ್ಲಿಯೂ ಸದ್ದಿಲ್ಲದೆ ನಮ್ಮ ಪಕ್ಕದಲ್ಲಿ ಹಾದುಹೋಗುತ್ತಿದೆ.

ಹಾಗಾದರೆ ಅದನ್ನು ಹಿಡಿದು ಮನೆಯ ದೀಪ ಉರಿಸಬಹುದಲ್ಲ ಎಂಬ ಆಸೆ ಬೇಡ. ಯಾವುದೇ ಒಂದು ಘನ ಮೀಟರ್ ಗಾಳಿಯನ್ನು ತೆಗೆದುಕೊಂಡರೂ ಪಶ್ಚಿಮದಿಂದ ಒಳಬಂದಷ್ಟೇ ಶಕ್ತಿ ಪೂರ್ವದಿಂದ ಹೊರಹೋಗುತ್ತದೆ. ಈ ಹರಿವು ಭೂಮಿಯನ್ನು ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರುತ್ತದೆ. ಎಲ್ಲಿಯೂ ಕೂಡುವುದಿಲ್ಲ, ಎಲ್ಲಿಯೂ ಕಳೆಯುವುದಿಲ್ಲ.

ಇದು ಬರಿಯ ಕಾಗದದ ಲೆಕ್ಕವೆಂದು ಹಲವರಿಗೆ ಅನ್ನಿಸಬಹುದು. ರಿಚರ್ಡ್ ಫೈನ್‌ಮನ್ ಅವರು 1964ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳ ಎರಡನೆಯ ಸಂಪುಟದಲ್ಲಿ ಇದೇ ಸಂದೇಹವನ್ನು ಎತ್ತಿಕೊಂಡು, ಇಂತಹ ನಿಶ್ಚಲ ಕ್ಷೇತ್ರಗಳ ಸುತ್ತುವ ಹರಿವು ನಿಜವೆಂದು ಒಪ್ಪದಿದ್ದರೆ ಕೋನೀಯ ಸಂವೇಗದ ಲೆಕ್ಕ ತಪ್ಪುತ್ತದೆ ಎಂದು ವಿವರಿಸಿದರು. 1980ರಲ್ಲಿ ಗ್ರಹಾಂ ಮತ್ತು ಲಾಹೋಜ್ ಎಂಬ ವಿಜ್ಞಾನಿಗಳು ಕಾಂತಕ್ಷೇತ್ರದಲ್ಲಿರಿಸಿದ ಒಂದು ಸಿಲಿಂಡರಾಕಾರದ ಕೆಪ್ಯಾಸಿಟರಿನಲ್ಲಿ ನಿಶ್ಚಲ ಕ್ಷೇತ್ರಗಳ ಈ ಕೋನೀಯ ಸಂವೇಗವನ್ನು ಪ್ರಯೋಗದಿಂದಲೇ ಕಂಡರು. ಆದುದರಿಂದ ನಿಂತ ಕ್ಷೇತ್ರಗಳಿಗೆ ಸಂವೇಗವಿದೆ ಎಂಬುದನ್ನು ಒಪ್ಪದೆ ಗತ್ಯಂತರವಿಲ್ಲ.

ಮೇಜಿನ ಮೇಲಿನ ಒಗಟು

ಭೂಮಿಯ ಸುತ್ತಲಿನ ಹರಿವಾದರೋ ವರ್ತುಲಾಕಾರದ್ದು. ಒಂದು ಬದಿಯಲ್ಲಿ ಅತ್ತ ಹೋದದ್ದು ಇನ್ನೊಂದು ಬದಿಯಲ್ಲಿ ಇತ್ತ ಬರುವುದರಿಂದ ಒಟ್ಟು ನೇರ ಸಂವೇಗ ಸೊನ್ನೆಯಾಗುತ್ತದೆ. ಈಗ ಆ ಸಮತೋಲವಿಲ್ಲದ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳಿ. ಮೇಜಿನ ಮೇಲೆ ಒಂದು ಅಯಸ್ಕಾಂತ, ಅದರ ಪಕ್ಕದಲ್ಲಿ ವಿದ್ಯುದಾವೇಶ ತುಂಬಿದ ಒಂದು ಚಿಕ್ಕ ಗೋಲಿ. ಎರಡೂ ಅಲುಗಾಡದೆ ಕುಳಿತಿವೆ. ಗೋಲಿಯ ವಿದ್ಯುತ್ ಕ್ಷೇತ್ರ ಅಯಸ್ಕಾಂತದ ಕಾಂತಕ್ಷೇತ್ರವನ್ನು ಅಡ್ಡಹಾಯುತ್ತದೆ. ಸುತ್ತಲಿನ ಸಂವೇಗವನ್ನೆಲ್ಲ ಕೂಡಿಸಿದರೆ ಈ ಸಲ ಮೊತ್ತ ಸೊನ್ನೆಯಾಗುವುದಿಲ್ಲ. ಒಂದು ಮಗ್ಗುಲಿಗೆ ಉಳಿಯುತ್ತದೆ.

ಇಲ್ಲಿಯೇ ಸಂಕಟ. ಸಾಪೇಕ್ಷತಾ ಸಿದ್ಧಾಂತದ ಒಂದು ದೃಢವಾದ ನಿಯಮವಿದೆ: ಹೊರಗಿನ ಸಂಪರ್ಕವಿಲ್ಲದ ವ್ಯವಸ್ಥೆಯ ದ್ರವ್ಯರಾಶಿ ಕೇಂದ್ರ ನಿಂತಿದ್ದರೆ ಅದರ ಒಟ್ಟು ಸಂವೇಗ ಸೊನ್ನೆಯಾಗಿರಬೇಕು. ನಮ್ಮ ಮೇಜಿನ ಮೇಲೆ ಏನೂ ಚಲಿಸುತ್ತಿಲ್ಲ. ಗಿರಣಿಯಲ್ಲಿದ್ದಂತೆ ಶಕ್ತಿ ಒಂದು ತುದಿಯಲ್ಲಿ ಕೂಡಿಕೊಳ್ಳುತ್ತಲೂ ಇಲ್ಲ. ಆದರೂ ಕ್ಷೇತ್ರದಲ್ಲಿ ಸಂವೇಗವಿದೆ. ವರ್ಷದ ಕೊನೆಯಲ್ಲಿ ಅಂಗಡಿಯ ಲೆಕ್ಕ ಮುಗಿಸುವಾಗ ಜಮಾ ಬದಿಯಲ್ಲಿ ಒಂದು ಮೊತ್ತ ಹೆಚ್ಚಿಗೆ ಕಂಡು, ಖರ್ಚಿನ ಬದಿಯಲ್ಲಿ ಅದಕ್ಕೆ ಜೋಡಿ ಸಿಗದೆ ಹೋದರೆ ಹೇಗೋ ಹಾಗಾಯಿತು. ಆಗ ಇರುವ ದಾರಿಗಳು ಎರಡು: ಲೆಕ್ಕದ ಪದ್ಧತಿಯೇ ತಪ್ಪೆನ್ನುವುದು, ಇಲ್ಲವೇ ಬರೆಯಲು ಮರೆತ ಖರ್ಚನ್ನು ಹುಡುಕುವುದು.

1967ರಲ್ಲಿ ವಿಲಿಯಂ ಶಾಕ್ಲಿ ಮತ್ತು ಜೇಮ್ಸ್ ಎರಡನೆಯ ದಾರಿಯನ್ನು ಹಿಡಿದರು. ಶಾಕ್ಲಿ ಅವರು ಟ್ರಾನ್ಸಿಸ್ಟರ್ ಸಂಶೋಧನೆಗಾಗಿ 1956ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ಅವರ ವಾದದ ಸಾರ ಇಷ್ಟು. ಅಯಸ್ಕಾಂತದ ಕಾಂತಶಕ್ತಿಯನ್ನು ಮೆಲ್ಲಗೆ ಇಲ್ಲವಾಗಿಸೋಣ. ಕಾಂತಕ್ಷೇತ್ರ ಕುಗ್ಗುವಾಗ ಹೊಸದೊಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ, ಅದು ಗೋಲಿಯನ್ನು ಒಂದು ಕಡೆಗೆ ನೂಕುತ್ತದೆ. ಕ್ಷೇತ್ರದಲ್ಲಿದ್ದ ಸಂವೇಗವೇ ಗೋಲಿಗೆ ಬಂತು. ಆದರೆ ಮೊದಲು ಒಟ್ಟು ಸಂವೇಗ ಸೊನ್ನೆಯಾಗಿತ್ತಲ್ಲವೇ? ಹಾಗಿದ್ದರೆ ಅಯಸ್ಕಾಂತ ವಿರುದ್ಧ ದಿಕ್ಕಿಗೆ ಅಷ್ಟೇ ನೂಕಲ್ಪಡಬೇಕು. ಆ ನೂಕು ಹೊರಗಿನಿಂದ ಬರುವಂತಿಲ್ಲ. ಅದು ಅಯಸ್ಕಾಂತದೊಳಗೇ ಮೊದಲಿನಿಂದ ಅಡಗಿದ್ದಿರಬೇಕು. ಆ ಅಡಗಿದ ಮೊತ್ತವನ್ನೇ ಅವರು ಗುಪ್ತ ಸಂವೇಗವೆಂದು ಕರೆದರು. ಮರುವರ್ಷ, 1968ರಲ್ಲಿ, ಸಿಡ್ನಿ ಕೋಲ್‌ಮನ್ ಮತ್ತು ಜಾನ್ ವಾನ್ ವ್ಲೆಕ್ ಅವರು ಅಯಸ್ಕಾಂತದ ಒಳರಚನೆ ಯಾವುದೇ ಇರಲಿ, ಸಾಪೇಕ್ಷತೆಯನ್ನು ಒಪ್ಪಿದ ಮೇಲೆ ಈ ಮೊತ್ತ ಇರಲೇಬೇಕೆಂದು ಸಾಮಾನ್ಯ ನೆಲೆಯಲ್ಲಿ ತೋರಿಸಿದರು.

ಎಲ್ಲಿ ಅಡಗಿದೆ?

ಇರಲೇಬೇಕು ಎಂದ ಮಾತ್ರಕ್ಕೆ ಮನಸ್ಸು ಒಪ್ಪುವುದಿಲ್ಲ. ಎಲ್ಲಿದೆ ಎಂದು ತೋರಿಸಬೇಕು. ಅದಕ್ಕಾಗಿ ಅಯಸ್ಕಾಂತದ ಬದಲು ಅದರ ಅತ್ಯಂತ ಸರಳ ಮಾದರಿಯನ್ನು ತೆಗೆದುಕೊಳ್ಳೋಣ. ಗೋಡೆಗೆ ನೇತುಹಾಕಿದ ಚಿತ್ರದ ಚೌಕಟ್ಟಿನಂತಿರುವ ಒಂದು ಕೊಳವೆ. ಅದರೊಳಗೆ ಆವೇಶವುಳ್ಳ ಕಣಗಳು ಸುತ್ತುತ್ತಿವೆ. ಅವು ಎಡಗಡೆಯಲ್ಲಿ ಮೇಲೇರಿ, ಮೇಲ್ಗಡೆಯಲ್ಲಿ ಬಲಕ್ಕೆ ಸಾಗಿ, ಬಲಗಡೆಯಲ್ಲಿ ಇಳಿದು, ಕೆಳಗಡೆಯಲ್ಲಿ ಎಡಕ್ಕೆ ಮರಳುತ್ತವೆ. ಇಂತಹ ಸುತ್ತುವ ಪ್ರವಾಹವೇ ಒಂದು ಅಯಸ್ಕಾಂತ. ಈಗ ಹೊರಗಿನ ಒಂದು ವಿದ್ಯುತ್ ಕ್ಷೇತ್ರ ಕೆಳಗಿನಿಂದ ಮೇಲಕ್ಕೆ ಇದೆ ಎಂದುಕೊಳ್ಳಿ. ಎಡಗಡೆ ಏರುವ ಕಣಗಳಿಗೆ ಅದು ಬೆನ್ನುತಟ್ಟಿ ವೇಗ ಕೊಡುತ್ತದೆ. ಬಲಗಡೆ ಇಳಿಯುವ ಕಣಗಳಿಗೆ ಎದುರಾಗಿ ನಿಂತು ಆ ವೇಗವನ್ನು ಹಿಂದೆ ಪಡೆಯುತ್ತದೆ. ಪರಿಣಾಮವಾಗಿ ಮೇಲಿನ ದಾರಿಯಲ್ಲಿ ಕಣಗಳ ಓಟ ಚುರುಕು, ಕೆಳಗಿನ ದಾರಿಯಲ್ಲಿ ನಿಧಾನ.

ಮೇಲೆ ವೇಗ ಹೆಚ್ಚಿದ್ದರೆ ಬಲಕ್ಕೆ ಹೋಗುವ ಸಂವೇಗವೂ ಹೆಚ್ಚಲ್ಲವೇ? ಅವಸರ ಬೇಡ. ಥಾಣೆ ನಿಲ್ದಾಣದ ಪಾದಚಾರಿ ಸೇತುವೆಯನ್ನು ನೆನಪಿಸಿಕೊಳ್ಳಿ. ಮೆಟ್ಟಿಲ ಬಳಿ ಜನ ಒತ್ತೊತ್ತಾಗಿ ನಿಧಾನವಾಗಿ ಸರಿಯುತ್ತಾರೆ, ಸೇತುವೆಯ ಮೇಲೆ ವಿರಳವಾಗಿ ಬೇಗ ನಡೆಯುತ್ತಾರೆ. ಆದರೂ ನಿಮಿಷಕ್ಕೆ ದಾಟುವವರ ಸಂಖ್ಯೆ ಎರಡೂ ಕಡೆ ಒಂದೇ. ಇಲ್ಲದಿದ್ದರೆ ನಡುವೆ ಎಲ್ಲೋ ಜನ ಗುಡ್ಡೆಯಾಗುತ್ತಿದ್ದರು. ನಮ್ಮ ಚೌಕಟ್ಟಿನಲ್ಲಿಯೂ ಹಾಗೆಯೇ. ಮೇಲೆ ವೇಗ ಹೆಚ್ಚು, ಕಣಗಳು ಕಡಿಮೆ. ಕೆಳಗೆ ಕಣಗಳು ಹೆಚ್ಚು, ವೇಗ ಕಡಿಮೆ. ಸಂಖ್ಯೆಯನ್ನು ವೇಗದಿಂದ ಗುಣಿಸಿದರೆ ಎರಡೂ ಸಮ. ನ್ಯೂಟನ್ನರ ಲೆಕ್ಕದಲ್ಲಿ ಬಲಕ್ಕೆ ಹೋಗುವ ಸಂವೇಗವೂ ಎಡಕ್ಕೆ ಬರುವ ಸಂವೇಗವೂ ಕರಾರುವಾಕ್ಕಾಗಿ ಸರಿಹೋಗುತ್ತವೆ. ಮೊತ್ತ ಸೊನ್ನೆ.

ಆದರೆ ಐನ್‌ಸ್ಟೈನ್ ಅವರ ಲೆಕ್ಕದಲ್ಲಿ ಸಂವೇಗವೆಂದರೆ ಬರಿಯ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವಲ್ಲ. ವೇಗ ಹೆಚ್ಚಿದಂತೆ ಹೆಚ್ಚುವ ಇನ್ನೊಂದು ಗುಣಕವೂ ಅದಕ್ಕೆ ಸೇರಿಕೊಳ್ಳುತ್ತದೆ. ಇದು ದೂರದ ಊಹೆಯ ಮಾತಲ್ಲ. ನವಿಮುಂಬಯಿಯ ಖಾರ್ಘರ್‌ನಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ಎಲೆಕ್ಟ್ರಾನ್ ಕಿರಣ ಕೇಂದ್ರದಲ್ಲಿ ಎಲೆಕ್ಟ್ರಾನುಗಳಿಗೆ ಒಂದು ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗಳ ಶಕ್ತಿ ಕೊಡುವ ವೇಗವರ್ಧಕವಿದೆ. ಅಷ್ಟು ಶಕ್ತಿ ಪಡೆದ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಶೇಕಡ 99.88ರಷ್ಟು. ಅದರ ನಿಜವಾದ ಸಂವೇಗ ಶಾಲೆಯ ಸೂತ್ರ ಹೇಳುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಅಧಿಕ. ಇದೇ ಗುಣಕ ನಮ್ಮ ಚೌಕಟ್ಟಿನ ಕಣಗಳಿಗೂ, ಅತ್ಯಲ್ಪ ಪ್ರಮಾಣದಲ್ಲಿಯಾದರೂ, ಅನ್ವಯಿಸುತ್ತದೆ. ಮೇಲಿನ ದಾರಿಯಲ್ಲಿ ವೇಗ ಹೆಚ್ಚಾದುದರಿಂದ ಗುಣಕವೂ ಅಲ್ಲಿ ತುಸು ಹೆಚ್ಚು. ಹಾಗಾಗಿ ಈಗ ಎರಡು ದಾರಿಗಳು ಸರಿಹೋಗುವುದಿಲ್ಲ. ಬಲಕ್ಕೆ ಒಂದು ಚಿಟಿಕೆ ಸಂವೇಗ ಉಳಿಯುತ್ತದೆ. ಗುಪ್ತ ಸಂವೇಗದ ಅಡಗುದಾಣ ಇದುವೇ.

ಇದನ್ನೇ ಮುಂಬಯಿಯ ಡಬ್ಬಾವಾಲಾಗಳ ದೃಷ್ಟಾಂತದಿಂದ ಇನ್ನೂ ಸುಲಭವಾಗಿ ಗ್ರಹಿಸಬಹುದು. ಮನೆಯಿಂದ ಕಚೇರಿಗೆ ತುಂಬಿದ ಡಬ್ಬಿಗಳು ಹೋಗುತ್ತವೆ, ಕಚೇರಿಯಿಂದ ಮನೆಗೆ ಖಾಲಿ ಡಬ್ಬಿಗಳು ಬರುತ್ತವೆ. ಹೋದ ಡಬ್ಬಿಗಳ ಸಂಖ್ಯೆ, ಬಂದ ಡಬ್ಬಿಗಳ ಸಂಖ್ಯೆ ಒಂದೇ. ಆದರೆ ಊಟ ಸಾಗುವುದು ಒಂದೇ ದಿಕ್ಕಿಗೆ. ನಮ್ಮ ಕಣಗಳೂ ಎಡಗಡೆಯಲ್ಲಿ ಶಕ್ತಿಯನ್ನು ತುಂಬಿಕೊಂಡು ಮೇಲಿನ ದಾರಿಯಲ್ಲಿ ಹೊರಟು, ಬಲಗಡೆಯಲ್ಲಿ ಅದನ್ನು ಇಳಿಸಿ, ಕೆಳಗಿನ ದಾರಿಯಲ್ಲಿ ಬರಿಗೈಯಲ್ಲಿ ಮರಳುತ್ತವೆ. ಹಾಗೆ ಸಾಗುವ ಶಕ್ತಿಯ ಸಂವೇಗವೇ ಗುಪ್ತ ಸಂವೇಗ. ಬಲಗಡೆ ಇಳಿಸಿದ ಶಕ್ತಿ ಅಲ್ಲಿಯೇ ಗುಡ್ಡೆಯಾಗುವುದಿಲ್ಲವೇ ಎಂದರೆ, ಇಲ್ಲ. ಅದನ್ನು ಸುತ್ತಲಿನ ಕ್ಷೇತ್ರಗಳು ಹೊರಗಿನ ಆಕಾಶದ ಮೂಲಕ ಮತ್ತೆ ಎಡಗಡೆಗೆ ತಲುಪಿಸುತ್ತವೆ. ಮೊದಲು ನಾವು ಕಂಡ, ಜೋಡಿ ಸಿಗದೆ ಉಳಿದಿದ್ದ ಕ್ಷೇತ್ರದ ಸಂವೇಗ ಎಂದರೆ ಈ ಮರುಪ್ರಯಾಣವೇ. ಕಣಗಳು ಒಯ್ದದ್ದನ್ನು ಕ್ಷೇತ್ರ ಹಿಂದಕ್ಕೆ ತರುತ್ತದೆ. ಎರಡರ ಮೊತ್ತ ಸೊನ್ನೆ. ದ್ರವ್ಯರಾಶಿ ಕೇಂದ್ರ ನಿಂತಲ್ಲೇ ನಿಂತಿರುತ್ತದೆ. ಲೆಕ್ಕ ತಾಳೆಯಾಯಿತು.

ಈ ಮೊತ್ತ ಎಷ್ಟೆಂಬ ಕುತೂಹಲ ಸಹಜ. ಒಂದು ಘನ ಸೆಂಟಿಮೀಟರ್ ಗಾತ್ರದ ಪ್ರಬಲ ಅಯಸ್ಕಾಂತವನ್ನು ಮೀಟರಿಗೆ ಹತ್ತು ಲಕ್ಷ ವೋಲ್ಟ್‌ಗಳ ಕ್ಷೇತ್ರದಲ್ಲಿ ಇರಿಸಿದರೂ ಗುಪ್ತ ಸಂವೇಗ ಎಷ್ಟಾದೀತೆಂದರೆ, ಒಂದು ಮೈಕ್ರೋಗ್ರಾಂ ತೂಕದ ಧೂಳಿನ ಕಣ ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ತೇಲಿದಷ್ಟು. ಅದನ್ನು ನೇರವಾಗಿ ಅಳೆಯುವುದು ಎಷ್ಟು ಕಷ್ಟವೆಂದು ಇದರಿಂದಲೇ ಊಹಿಸಬಹುದು.

2012ರ ವಿವಾದ

ಇಷ್ಟು ಅಲ್ಪವಾದ ಮೊತ್ತಕ್ಕಾಗಿ ಇಷ್ಟು ಚರ್ಚೆ ಏಕೆ ಎಂಬ ಪ್ರಶ್ನೆಗೆ 2012ರ ಘಟನೆಯೊಂದು ಉತ್ತರ ಕೊಡುತ್ತದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮಸೂದ್ ಮನ್ಸೂರಿಪುರ್ ಅವರು ಆ ವರ್ಷ ಪ್ರತಿಷ್ಠಿತ ಭೌತವಿಜ್ಞಾನ ಪತ್ರಿಕೆಯೊಂದರಲ್ಲಿ, ಲೊರೆಂಟ್ಜ್ ಅವರ ಬಲದ ನಿಯಮವು ಸಾಪೇಕ್ಷತೆಗೆ ಹೊಂದುವುದಿಲ್ಲ ಎಂದು ವಾದಿಸಿದರು. ಲೊರೆಂಟ್ಜ್ ನಿಯಮವೆಂದರೆ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳು ಆವೇಶವುಳ್ಳ ವಸ್ತುವ ಮೇಲೆ ಎಷ್ಟು ಬಲ ಬೀರುತ್ತವೆ ಎಂದು ಹೇಳುವ ನಿಯಮ. ಲೋಕಲ್ ರೈಲಿನ ಮೋಟಾರಿನಿಂದ ಹಿಡಿದು ಮನೆಯ ಫ್ಯಾನು, ಮಿಕ್ಸರ್‌ಗಳವರೆಗೆ ಎಲ್ಲದರ ವಿನ್ಯಾಸ ಅದರ ಮೇಲೆಯೇ ನಿಂತಿದೆ. ಆ ನಿಯಮವೇ ತಪ್ಪೆಂದಾದರೆ ನೂರು ವರ್ಷಗಳ ಭೌತವಿಜ್ಞಾನದ ಅಡಿಪಾಯ ಅಲುಗಾಡಿದಂತೆ.

ಅವರ ವಾದವೂ ಅದೇ ಅಯಸ್ಕಾಂತ, ಅದೇ ಗೋಲಿಯ ಬಗ್ಗೆ. ಅವೆರಡನ್ನು ಕಲ್ಯಾಣ್ ನಿಲ್ದಾಣದ ಪ್ಲಾಟ್‌ಫಾರ್ಮ್ ಮೇಲೆ ಇರಿಸೋಣ. ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಅಯಸ್ಕಾಂತವನ್ನು ತಿರುಗಿಸುವ ಬಲವೇನೂ ಕಾಣುವುದಿಲ್ಲ. ಆದರೆ ನಿಲ್ಲದೆ ಹಾದುಹೋಗುವ ಎಕ್ಸ್‌ಪ್ರೆಸ್ ಗಾಡಿಯ ಕಿಟಕಿಯಲ್ಲಿ ಕುಳಿತವರಿಗೆ ಅಯಸ್ಕಾಂತವೇ ಚಲಿಸುತ್ತಿದೆ. ಚಲಿಸುವ ಅಯಸ್ಕಾಂತದ ಒಂದು ಬದಿಯಲ್ಲಿ ಧನ, ಇನ್ನೊಂದು ಬದಿಯಲ್ಲಿ ಋಣ ಆವೇಶ ತೋರುತ್ತದೆ ಎಂಬುದು ಸಾಪೇಕ್ಷತೆಯ ಪರಿಣಾಮ. ಗೋಲಿಯ ಕ್ಷೇತ್ರ ಒಂದು ಬದಿಯನ್ನು ಎಳೆದು ಇನ್ನೊಂದನ್ನು ತಳ್ಳುತ್ತದೆ. ಅಯಸ್ಕಾಂತವನ್ನು ತಿರುಗಿಸುವ ಬಲ ಹುಟ್ಟುತ್ತದೆ. ಆದರೆ ಅಯಸ್ಕಾಂತ ತಿರುಗುವುದಿಲ್ಲ. ಒಬ್ಬರು ನೋಡಿದರೆ ತಿರುಗುವ, ಇನ್ನೊಬ್ಬರು ನೋಡಿದರೆ ತಿರುಗದ ವಸ್ತು ಲೋಕದಲ್ಲಿ ಇರಲಾರದು. ಆದುದರಿಂದ ಲೊರೆಂಟ್ಜ್ ನಿಯಮವನ್ನು ಬಿಟ್ಟು 1908ರಲ್ಲಿ ಐನ್‌ಸ್ಟೈನ್ ಮತ್ತು ಲೌಬ್ ಸೂಚಿಸಿದ್ದ ಬೇರೊಂದು ಸೂತ್ರವನ್ನು ಒಪ್ಪಬೇಕೆಂಬುದು ಮನ್ಸೂರಿಪುರ್ ಅವರ ಸಲಹೆಯಾಗಿತ್ತು.

ಉತ್ತರ ಹಲವು ಕಡೆಗಳಿಂದ ಬಂತು. ಡೇನಿಯಲ್ ವಾಂಜೆಲ್ಲಾ, ಸ್ಟೀಫನ್ ಬಾರ್ನೆಟ್ ಮೊದಲಾದವರು ಅದೇ ಪತ್ರಿಕೆಯಲ್ಲಿ ಪ್ರತಿಕ್ರಿಯಿಸಿದರು. ನಮ್ಮ ಕಾಲೇಜುಗಳಲ್ಲಿಯೂ ಓದಲಾಗುವ ವಿದ್ಯುದ್ಬಲ ವಿಜ್ಞಾನದ ಪಠ್ಯಪುಸ್ತಕದ ಕರ್ತೃ ಡೇವಿಡ್ ಗ್ರಿಫಿತ್ಸ್ ಅವರು ಹ್ನಿಜ್ಡೊ ಅವರೊಡನೆ 2013ರಲ್ಲಿ ವಿವರವಾದ ಲೇಖನ ಬರೆದರು. ಉತ್ತರದ ತಿರುಳು ಗುಪ್ತ ಸಂವೇಗವೇ. ಗಾಡಿಯಿಂದ ನೋಡುವವರ ದೃಷ್ಟಿಯಲ್ಲಿ ಅಯಸ್ಕಾಂತ ತನ್ನ ಗುಪ್ತ ಸಂವೇಗವನ್ನು ಹೊತ್ತುಕೊಂಡು ಸಾಗುತ್ತಿದೆ. ಆ ಸಂವೇಗದ ದಿಕ್ಕು ಸಾಗುವ ದಾರಿಗೆ ಅಡ್ಡವಾಗಿದೆ. ಅಡ್ಡ ಸಂವೇಗವುಳ್ಳ ವಸ್ತು ಮುಂದೆ ಮುಂದೆ ಸಾಗಿದಂತೆ, ಒಂದು ಗೊತ್ತಾದ ಸ್ಥಾನದಿಂದ ಎಣಿಸುವ ಅದರ ಕೋನೀಯ ಸಂವೇಗ ಹೆಚ್ಚುತ್ತಲೇ ಹೋಗುತ್ತದೆ. ವಸ್ತು ಒಂದಿಷ್ಟೂ ತಿರುಗದೆಯೇ! ಹೀಗೆ ಹೆಚ್ಚುವ ಕೋನೀಯ ಸಂವೇಗಕ್ಕೆ ಎಷ್ಟು ತಿರುಗುಬಲ ಬೇಕೋ, ಲೊರೆಂಟ್ಜ್ ನಿಯಮ ಕೊಡುವುದು ಅಷ್ಟನ್ನೇ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಿರುಗುಬಲ ಇಲ್ಲದಿದ್ದರೇ ಲೆಕ್ಕ ತಪ್ಪುತ್ತಿತ್ತು. ಮನ್ಸೂರಿಪುರ್ ಅವರು ತಮ್ಮ ನಿಲುವನ್ನು ಸಮರ್ಥಿಸಿಕೊಂಡರೂ, ಲೊರೆಂಟ್ಜ್ ನಿಯಮಕ್ಕೂ ಸಾಪೇಕ್ಷತೆಗೂ ವಿರೋಧವಿಲ್ಲ ಎಂಬುದು ಈ ಚರ್ಚೆಯಿಂದ ಸ್ಪಷ್ಟವಾಯಿತು.

ಗುಪ್ತವೆಂದರೆ ಪವಾಡವಲ್ಲ

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ‘ಗುಪ್ತ’ ಎಂಬ ಪದ ಕೇಳಿದೊಡನೆ ಕೆಲವರಿಗೆ ಪವಾಡದ ಆಸೆ ಹುಟ್ಟುತ್ತದೆ. ಇಂಧನವಿಲ್ಲದೆ ಓಡುವ ಯಂತ್ರ, ಅಯಸ್ಕಾಂತದಿಂದಲೇ ಮುಗಿಯದ ವಿದ್ಯುತ್ತು ಎಂಬ ಸಂದೇಶಗಳು ನಮ್ಮ ಮೊಬೈಲುಗಳಿಗೂ ಆಗಾಗ ಬರುತ್ತಲೇ ಇರುತ್ತವೆ. ಹಿಂದಕ್ಕೆ ಏನನ್ನೂ ಚೆಲ್ಲದೆ ಮುಂದಕ್ಕೆ ನೂಕುವುದೆಂದು ಹೇಳಲಾದ ‘ಎಮ್‌ಡ್ರೈವ್’ ಎಂಬ ಸಾಧನದ ಬಗ್ಗೆ 2016ರ ಸುಮಾರಿಗೆ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು ಹೆಚ್ಚು ನಿಖರವಾಗಿ ಪರೀಕ್ಷಿಸಿದಾಗ ಅಂತಹ ಯಾವ ನೂಕೂ ಇಲ್ಲವೆಂದು 2021ರಲ್ಲಿ ವರದಿಯಾಯಿತು. ಗುಪ್ತ ಸಂವೇಗದಿಂದಲೂ ಯಾವ ಗಾಡಿಯೂ ಓಡದು. ಏಕೆಂದರೆ ಅದು ಎಂದೂ ಒಂಟಿಯಾಗಿ ಇರುವುದಿಲ್ಲ. ಕ್ಷೇತ್ರದಲ್ಲಿ ಅದರ ವಿರುದ್ಧದ ಜೋಡಿ ಸದಾ ಇರುತ್ತದೆ. ಅದು ಸಂರಕ್ಷಣಾ ನಿಯಮವನ್ನು ಮುರಿಯಲು ಬಂದದ್ದಲ್ಲ, ಉಳಿಸಲು ಬಂದದ್ದು.

ನಮ್ಮ ಮಕ್ಕಳು ನಾಳೆ ‘ನಿಂತ ವಸ್ತುವಿಗೆ ಸಂವೇಗವಿಲ್ಲ’ ಎಂದು ಪುಸ್ತಕದಿಂದ ಓದಿ ಹೇಳಿದಾಗ, ಹೌದು ಎಂದು ತಲೆದೂಗಿ, ಅನಂತರ ಪಕ್ಕದ ಓಣಿಯ ಗಿರಣಿಯ ಪಟ್ಟಿಯನ್ನು ತೋರಿಸಬಹುದು. ಎಲ್ಲವೂ ಸರಿಹೋದಂತೆ ಕಾಣುವಲ್ಲಿಯೂ ಶಕ್ತಿ ಸದ್ದಿಲ್ಲದೆ ಹರಿಯುತ್ತಿರುತ್ತದೆ ಎಂದು ವಿವರಿಸಬಹುದು. ಲೆಕ್ಕ ತಾಳೆಯಾಗದಿದ್ದಾಗ ನಿಯಮವನ್ನು ಹಳಿಯುವ ಮೊದಲು, ನಾವು ಬರೆಯಲು ಮರೆತ ಸಾಲು ಯಾವುದೆಂದು ಹುಡುಕಬೇಕು. ಶಾಕ್ಲಿ ಮತ್ತು ಜೇಮ್ಸ್ ಮಾಡಿದ್ದು ಅಷ್ಟನ್ನೇ. ಥಾಣೆಯ ಮೊದಲ ರೈಲು ಹೊರಟಾಗ ಭೂಮಿ ಸದ್ದಿಲ್ಲದೆ ಬರೆದುಕೊಂಡ ಲೆಕ್ಕದಂತೆಯೇ, ಅಯಸ್ಕಾಂತವೂ ತನ್ನೊಳಗೆ ಒಂದು ಲೆಕ್ಕವನ್ನು ಬರೆದಿಟ್ಟುಕೊಂಡಿತ್ತು. ಅವರು ಅದನ್ನು ಓದಿದರು.